ಡ್ಯಾಕ್, ಸ್ಟ್ರೀಮರ್, ಸಿಡಿ ಪ್ಲೇಯರ್‌ಗೆ ಪವರ್ ಕೇಬಲ್ ಆರಿಸುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ಹೊಸ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ಲಾಗಿ ಬದಲಿಸುವ ಉಪಕರಣ) ಅಥವಾ ಸ್ಟ್ರೀಮರ್ (ನೆಟ್‌ವರ್ಕಿನಿಂದ ಹಾಡು ತಂದು ನುಡಿಸುವ ಉಪಕರಣ) ಮನೆಗೆ ಬಂದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಜೊತೆಗೆ ಬಂದ ಸಾದಾ ಕಪ್ಪು ಪವರ್ ಕೇಬಲ್ ಸಾಕಾ, ಇಲ್ಲಾ ಬೇರೆ ಒಳ್ಳೆಯದು ತರಬೇಕಾ? ಕೇಳಹೋದರೆ ಎರಡು ಉತ್ತರ ಸಿಗುತ್ತವೆ. ಕೇಬಲ್ ಬದಲಿಸಿದರೆ ಸಂಗೀತವೇ ಬದಲಾಗುತ್ತದೆ ಅನ್ನುವವರು ಒಂದು ಕಡೆ. ಎಲ್ಲ ಕೇಬಲ್ಲೂ ಒಂದೇ, ಸುಮ್ನೆ ದುಡ್ಡು ದಂಡ ಅನ್ನುವವರು ಇನ್ನೊಂದು ಕಡೆ. ಇಬ್ಬರ ಮಾತನ್ನೂ ಸ್ವಲ್ಪ ಪಕ್ಕಕ್ಕಿಟ್ಟು, ಆ ಕೇಬಲ್ ಮಾಡುವ ಕೆಲಸ ಏನು ಅಂತ ನೋಡಿದರೆ ಆಯ್ಕೆ ಸುಲಭ.

ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ಡಿಜಿಟಲ್ ಉಪಕರಣಗಳು ಎಳೆಯುವ ಕರೆಂಟ್ ತೀರಾ ಕಡಿಮೆ. ಹಾಗಾಗಿ ಕೇಬಲ್ ಎಷ್ಟು ದಪ್ಪ, ಯಾವ ಲೋಹ ಅನ್ನುವುದಕ್ಕೆ ಇಲ್ಲಿ ಹೆಚ್ಚು ಬೆಲೆಯಿಲ್ಲ. ಅರ್ಥಿಂಗ್ ಸರಿಯಿದೆಯಾ, ಪ್ಲಗ್ ಬಿಗಿಯಾಗಿ ಕೂರುತ್ತದಾ, ನಾಯ್ಸ್ (ವಿದ್ಯುತ್ತಿನ ಜೊತೆ ಸೇರುವ ಬೇಡದ ಗದ್ದಲ) ಯಾವ ದಾರಿಯಲ್ಲಿ ಓಡಾಡುತ್ತಿದೆ, ಇವೇ ನೋಡಬೇಕಾದ ಸಂಗತಿಗಳು. ಇವು ಮೂರೂ ಸರಿಯಿದ್ದರೆ ಸಾದಾ ಕೇಬಲ್ ಕೂಡ ಅಚ್ಚುಕಟ್ಟಾಗಿ ಕೆಲಸ ಮಾಡುತ್ತದೆ. ಸರಿಯಿಲ್ಲದಿದ್ದರೆ ಎಂಥ ದುಬಾರಿ ಕೇಬಲ್ ಹಾಕಿದರೂ ಹಮ್ (ಸ್ಪೀಕರಿನಲ್ಲಿ ಗುಂಯ್ ಅನ್ನುವ ಸದ್ದು) ಹೋಗುವುದಿಲ್ಲ.

ಹಂತ 1: ಉಪಕರಣದ ಹಿಂಭಾಗ ನೋಡಿ

ಕೇಬಲ್ ಹುಡುಕುವ ಮೊದಲು ಪ್ರತಿ ಉಪಕರಣವನ್ನೂ ತಿರುಗಿಸಿ ನೋಡಿ. ಮೂರು ಸಂಗತಿ ಬರೆದುಕೊಳ್ಳಿ: ಪವರ್ ಸಾಕೆಟ್ ಯಾವ ಬಗೆಯದು, ಎಷ್ಟು ವ್ಯಾಟ್ ಅಂತ ಬರೆದಿದೆ, ಚೌಕದೊಳಗೆ ಇನ್ನೊಂದು ಚೌಕ ಇರುವ ಗುರುತು ಇದೆಯಾ.

ಸಾಕೆಟ್ಟುಗಳಲ್ಲಿ ಹೆಚ್ಚಾಗಿ ಸಿಗುವುದು ಮೂರೇ ಬಗೆ. ಕಂಪ್ಯೂಟರಿಗೆ ಹಾಕುವಂಥ ಮೂರು ಪಿನ್ನಿನದು ಸಿ14. ಇದಕ್ಕೆ ಸಿ13 ತುದಿಯ ಕೇಬಲ್ ಬೇಕು. ಐಇಸಿ 60320 ಅನ್ನುವ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇದರ ಮಿತಿ 10 ಆಂಪಿಯರ್. ಇಂಗ್ಲಿಷಿನ ಎಂಟರ ಆಕಾರದಲ್ಲಿ ಎರಡೇ ಪಿನ್ ಇರುವುದು ಸಿ8, ಅದಕ್ಕೆ ಸಿ7 ಕೇಬಲ್. ಲ್ಯಾಪ್‌ಟಾಪ್ ಅಡಾಪ್ಟರಿನಲ್ಲಿ ಕಾಣುವ ಮೂರೆಸಳಿನ ಆಕಾರದ್ದು ಸಿ6, ಅದಕ್ಕೆ ಸಿ5. ಈ ಎರಡರ ಮಿತಿ 2.5 ಆಂಪಿಯರ್. ಸಿ19 ತುದಿಯ ದಪ್ಪ ಕೇಬಲ್ 16 ಆಂಪಿಯರಿನದು. ಅದು ದೊಡ್ಡ ಪವರ್ ಆಂಪ್ಲಿಫೈಯರುಗಳ ಲೋಕದ್ದು, ಡಿಜಿಟಲ್ ಉಪಕರಣಗಳಲ್ಲಿ ಅಪರೂಪ.

ಸಿ7 ತರುವಾಗ ಒಂದು ಎಚ್ಚರ ಇರಲಿ. ಕೆಲವದರಲ್ಲಿ ಎರಡೂ ಬದಿ ದುಂಡಗಿರುತ್ತದೆ. ಕೆಲವದರಲ್ಲಿ ಒಂದು ಬದಿ ಚೌಕ. ಚೌಕ ಬದಿಯದು ದುಂಡನೆಯ ಸಾಕೆಟ್ಟಿಗೆ ಹೋಗುವುದಿಲ್ಲ. ಬಲವಂತ ಮಾಡಬೇಡಿ.

ಚೌಕದೊಳಗೆ ಚೌಕದ ಗುರುತು ಇದ್ದರೆ ಅದು ಕ್ಲಾಸ್ 2 ಉಪಕರಣ. ಅಂದರೆ ಒಳಗೆ ಎರಡು ಪದರದ ಇನ್ಸುಲೇಶನ್ ಇದೆ, ಅರ್ಥಿಂಗ್ ಇಲ್ಲದೆ ಓಡುವಂತೆಯೇ ಅದನ್ನು ಮಾಡಿದ್ದಾರೆ. ಮೂರು ಪಿನ್ನಿನ ಸಾಕೆಟ್ ಇದ್ದು ಈ ಗುರುತು ಇಲ್ಲ ಅಂದರೆ ಅದು ಕ್ಲಾಸ್ 1. ಅದರ ಲೋಹದ ಕವಚಕ್ಕೆ ಅರ್ಥಿಂಗ್ ಬೇಕೇ ಬೇಕು. ಮುಂದಿನ ಅರ್ಧ ಲೆಕ್ಕಾಚಾರ ಈ ಒಂದು ಗುರುತಿನ ಮೇಲೆ ನಿಂತಿದೆ.

ಹಿಂಭಾಗದಲ್ಲಿ ಈ ಯಾವುದೂ ಇಲ್ಲದೆ ಬರೀ ಗುಂಡು ಡಿಸಿ ಪಿನ್ ಅಥವಾ ಯುಎಸ್‌ಬಿ ಇದ್ದರೆ ಅಂಥವಕ್ಕೆ ಹಂತ 5 ಬೇಕು.

ಹಂತ 2: ಎಷ್ಟು ದಪ್ಪ ಬೇಕು, ಲೆಕ್ಕ ಹಾಕಿ

ಒಂದು ಡ್ಯಾಕ್ 20 ವ್ಯಾಟ್ ಬಳಸುತ್ತದೆ ಅಂದುಕೊಳ್ಳಿ. ಬಹಳಷ್ಟು ಡ್ಯಾಕುಗಳು ಇದಕ್ಕಿಂತಲೂ ಕಡಿಮೆ ಬಳಸುತ್ತವೆ. 230 ವೋಲ್ಟಿನಲ್ಲಿ 20 ವ್ಯಾಟ್ ಅಂದರೆ ಸುಮಾರು 0.09 ಆಂಪಿಯರ್. 120 ವೋಲ್ಟಿನಲ್ಲಿ ಸುಮಾರು 0.17.

ಈಗ ಕೇಬಲ್. ಒಂದು ಚದರ ಮಿ.ಮೀ. ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 17 ಮಿಲಿಓಮ್ ರೋಧ ಇರುತ್ತದೆ. ಒಂದೂವರೆ ಮೀಟರ್ ಕೇಬಲ್ಲಿನಲ್ಲಿ ಕರೆಂಟ್ ಹೋಗಿ ಬರುವ ದಾರಿ ಮೂರು ಮೀಟರ್. ಒಟ್ಟು ರೋಧ ಸುಮಾರು 52 ಮಿಲಿಓಮ್. 230 ವೋಲ್ಟಿನಲ್ಲಿ ನಮ್ಮ ಡ್ಯಾಕ್ ಓಡುವಾಗ ಈ ಕೇಬಲ್ಲಿನಲ್ಲಿ ಕಳೆದುಹೋಗುವುದು ನಾಲ್ಕೂವರೆ ಮಿಲಿವೋಲ್ಟ್.

ಇಲ್ಲಿ ಒಂದು ನ್ಯಾಯವಾದ ತಕರಾರು ಇದೆ. ಉಪಕರಣದೊಳಗೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಇಡೀ ತರಂಗದುದ್ದಕ್ಕೂ ಕರೆಂಟ್ ಎಳೆಯುವುದಿಲ್ಲ. ತರಂಗದ ತುದಿಯಲ್ಲಿ ಮಾತ್ರ, ಒಂದು ಗಳಿಗೆ, ಜೋರಾಗಿ ಎಳೆಯುತ್ತದೆ. ಆ ಗಳಿಗೆಯ ಕರೆಂಟ್ ಸರಾಸರಿಗಿಂತ ಹತ್ತು ಪಟ್ಟು ಅಂತಲೇ ಇಟ್ಟುಕೊಳ್ಳೋಣ. ಆಗಲೂ ನಷ್ಟ 45 ಮಿಲಿವೋಲ್ಟ್. ಅದೂ 325 ವೋಲ್ಟಿನ ತುದಿಯಲ್ಲಿ. ಗೋಡೆಯ ಸಾಕೆಟ್ಟಿನ ವೋಲ್ಟೇಜೇ ದಿನವಿಡೀ ಹಲವಾರು ವೋಲ್ಟ್ ಮೇಲೆ ಕೆಳಗೆ ಆಗುತ್ತಿರುತ್ತದೆ. ಅದರ ಮುಂದೆ ಇದು ಲೆಕ್ಕಕ್ಕೇ ಇಲ್ಲ.

ಇನ್ನೊಂದು ಕಡೆಯಿಂದಲೂ ನೋಡಬಹುದು. ಗೋಡೆಯೊಳಗೆ ಸ್ವಿಚ್‌ಬೋರ್ಡಿನಿಂದ ಸಾಕೆಟ್ಟಿಗೆ 20 ಮೀಟರ್ ವೈರ್ ಇದ್ದರೆ, ಅದು 2.5 ಚದರ ಮಿ.ಮೀ. ದಪ್ಪದ್ದಾದರೂ ಹೋಗಿ ಬರುವ ರೋಧ ಸುಮಾರು 275 ಮಿಲಿಓಮ್. ಕೊನೆಯ ಒಂದೂವರೆ ಮೀಟರಿನ 52 ಮಿಲಿಓಮನ್ನು 20ಕ್ಕೆ ಇಳಿಸಿದರೆ ಒಟ್ಟಿನಲ್ಲಿ ಆಗುವ ಬದಲಾವಣೆ ಅಷ್ಟಕ್ಕಷ್ಟೇ.

ಹಾಗಾಗಿ ಡಿಜಿಟಲ್ ಉಪಕರಣಗಳಿಗೆ 0.75 ಚದರ ಮಿ.ಮೀ. ಸಾಕು, 1.0 ಆದರೆ ಆರಾಮ. ಅಮೆರಿಕದ ಅಳತೆಯಲ್ಲಿ ಬರೆದಿದ್ದರೆ 18 ಗೇಜ್ ಅಂದರೆ 0.82 ಚದರ ಮಿ.ಮೀ., 16 ಗೇಜ್ ಅಂದರೆ 1.31. ಸಂಖ್ಯೆ ಚಿಕ್ಕದಾದಷ್ಟೂ ತಂತಿ ದಪ್ಪ. 1.5ರ ಮೇಲಕ್ಕೆ ಹೋದರೆ ಲಾಭವಿಲ್ಲ, ತೊಂದರೆ ಇದೆ. ಹೆಬ್ಬೆರಳು ದಪ್ಪದ ಬಿರುಸು ಕೇಬಲ್ ಅಂಗೈಯಗಲದ ಡ್ಯಾಕನ್ನು ಎತ್ತಿ ಓರೆ ಮಾಡಿ ನಿಲ್ಲಿಸುತ್ತದೆ. ಆ ಭಾರವೆಲ್ಲ ಹಿಂದಿನ ಸಾಕೆಟ್ಟಿನ ಮೇಲೆ ಬಿದ್ದು, ಒಳಗಿನ ಬೆಸುಗೆ ಸಡಿಲವಾಗುವ ಅಪಾಯವೂ ಇದೆ.

ಲೋಹದ ಬಗ್ಗೆ ಎರಡೇ ಮಾತು. ಬೆಳ್ಳಿ ತಾಮ್ರಕ್ಕಿಂತ ಸುಮಾರು ಶೇ. 6ರಷ್ಟು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಆಮ್ಲಜನಕ ತೆಗೆದ ತಾಮ್ರಕ್ಕೂ ಮಾಮೂಲಿ ವಿದ್ಯುತ್ ತಾಮ್ರಕ್ಕೂ ಇರುವ ಅಂತರ ಶೇ. 1ರ ಆಸುಪಾಸು. ತಂತಿಯನ್ನು ಒಂದು ಅಳತೆ ದಪ್ಪ ಮಾಡಿದರೆ ಇದಕ್ಕಿಂತ ಹೆಚ್ಚು ಲಾಭ ಸಿಗುತ್ತದೆ. ಇನ್ನು ಸ್ಕಿನ್ ಎಫೆಕ್ಟ್ (ಆವರ್ತನ ಏರಿದ ಹಾಗೆ ಕರೆಂಟ್ ತಂತಿಯ ಮೇಲ್ಮೈಗೆ ಸರಿಯುವುದು) ಅಂತ ಹೆದರಿಸುವವರಿದ್ದಾರೆ. 50 ಹರ್ಟ್ಜ್‌ನಲ್ಲಿ ತಾಮ್ರದೊಳಗೆ ಕರೆಂಟ್ ಹರಿಯುವ ಆಳ 9 ಮಿ.ಮೀ.ಗೂ ಜಾಸ್ತಿ. ನಮ್ಮ ತಂತಿ ಅಷ್ಟು ದಪ್ಪವೇ ಇಲ್ಲ.

ಹಂತ 3: ಅರ್ಥಿಂಗ್ ಮತ್ತು ಹಮ್. ಇಲ್ಲಿ ಹೆಚ್ಚು ಸಮಯ ಕೊಡಿ

ಡಿಜಿಟಲ್ ಉಪಕರಣದ ಪವರ್ ಕೇಬಲ್ ಧ್ವನಿಯ ಮೇಲೆ ನಿಜಕ್ಕೂ ಪರಿಣಾಮ ಬೀರುವುದಿದ್ದರೆ ಅದು ಹೆಚ್ಚಾಗಿ ಅರ್ಥಿಂಗ್ ದಾರಿಯಲ್ಲೇ. ಆದರೆ ಇದರ ಬಗ್ಗೆ ಮಾತಾಡುವವರು ಕಡಿಮೆ.

ಯಾವ ವಿದ್ಯುತ್ ಉಪಕರಣವಾದರೂ ಸ್ವಲ್ಪ ಲೀಕೇಜ್ ಕರೆಂಟನ್ನು ತನ್ನ ಕವಚಕ್ಕೆ ಬಿಡುತ್ತದೆ. ಟ್ರಾನ್ಸ್‌ಫಾರ್ಮರಿನ ಸುರುಳಿಗಳ ನಡುವಿನ ಕೆಪಾಸಿಟನ್ಸ್ ಮೂಲಕ, ಎಸ್‌ಎಂಪಿಎಸ್ (ಚಾರ್ಜರುಗಳಲ್ಲಿರುವಂಥ ಸ್ವಿಚಿಂಗ್ ಪವರ್ ಸಪ್ಲೈ) ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಅದು ಸೋರುತ್ತದೆ. ಇದು ದೋಷ ಅಲ್ಲ. ಆದರೆ ಆ ಕರೆಂಟ್ ಎಲ್ಲಿಗಾದರೂ ಹೋಗಲೇಬೇಕು. ಕ್ಲಾಸ್ 1 ಉಪಕರಣದಲ್ಲಿ ಅರ್ಥಿಂಗ್ ತಂತಿಯ ಮೂಲಕ ಹೋಗುತ್ತದೆ. ಕ್ಲಾಸ್ 2 ಉಪಕರಣಕ್ಕೆ ಆ ತಂತಿ ಇಲ್ಲ. ಆಗ ಅದು ಹಿಡಿಯುವ ದಾರಿ, ಡ್ಯಾಕಿನಿಂದ ಆಂಪ್ಲಿಫೈಯರಿಗೆ ಸಿಗ್ನಲ್ ಒಯ್ಯುವ ನಿಮ್ಮ ಆರ್‌ಸಿಎ ಕೇಬಲ್ಲಿನ ಹೊರಕವಚ. ಅಲ್ಲಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಆಂಪ್ಲಿಫೈಯರಿನ ಅರ್ಥಿಂಗಿಗೆ.

ಎರಡು ಪಿನ್ನಿನ ಉಪಕರಣದ ಲೋಹದ ಮೈಯನ್ನು ಬೆರಳ ಹಿಂಬದಿಯಿಂದ ಹಗುರಾಗಿ ಸವರಿದಾಗ ಜುಂ ಅನ್ನುವ ಒರಟು ಅನುಭವ ಆಗುತ್ತದೆ, ಅಲ್ವಾ? ಅದು ಇದೇ ಸೋರಿಕೆ. ಬೇರೆ ಯಾವ ಕೇಬಲ್ಲೂ ಜೋಡಿಸದೆ ಆ ಮೈಗೂ ಅರ್ಥಿಂಗಿಗೂ ನಡುವೆ ಮಲ್ಟಿಮೀಟರ್ ಇಟ್ಟರೆ ಗೋಡೆಯ ವೋಲ್ಟೇಜಿನ ಅರ್ಧದ ಹತ್ತಿರ ತೋರಿಸುವುದೂ ಉಂಟು. ಕರೆಂಟ್ ತೀರಾ ಸಣ್ಣದು, ಆದರೂ ಮೀಟರಿಗೆ ಕಾಣುತ್ತದೆ.

ಇದು ಸಂಗೀತದೊಳಗೆ ಸೇರುವುದು ಹೇಗೆ? ಆರ್‌ಸಿಎ ಜೋಡಣೆಯಲ್ಲಿ ಹೊರಕವಚವೇ ಸಿಗ್ನಲ್ಲಿನ ವಾಪಸಾತಿ ದಾರಿ. ಅದರ ರೋಧದಲ್ಲಿ ಲೀಕೇಜ್ ಕರೆಂಟ್ ಹರಿದಾಗ ಹುಟ್ಟುವ ವೋಲ್ಟೇಜ್ ನೇರವಾಗಿ ಸಿಗ್ನಲ್ಲಿಗೆ ಸೇರಿಕೊಳ್ಳುತ್ತದೆ. ಜೆನ್‌ಸೆನ್ ಟ್ರಾನ್ಸ್‌ಫಾರ್ಮರ್ಸ್ ಅನ್ನುವ ಆಡಿಯೋ ಕಂಪನಿಯಲ್ಲಿದ್ದ ಎಂಜಿನಿಯರ್ ಬಿಲ್ ವಿಟ್‌ಲಾಕ್ ತಮ್ಮ ಬರಹಗಳಲ್ಲಿ ಇದನ್ನೇ ಒತ್ತಿ ಹೇಳಿದ್ದಾರೆ.

ಒಂದು ಉದಾಹರಣೆಯ ಲೆಕ್ಕ ನೋಡೋಣ. ಆರ್‌ಸಿಎ ಹೊರಕವಚದ ರೋಧ 50 ಮಿಲಿಓಮ್, ಹರಿಯುವ ಕರೆಂಟ್ 0.1 ಮಿಲಿಆಂಪಿಯರ್. ಹುಟ್ಟುವ ವೋಲ್ಟೇಜ್ 5 ಮೈಕ್ರೋವೋಲ್ಟ್. ಡ್ಯಾಕಿನ ಔಟ್‌ಪುಟ್ 2 ವೋಲ್ಟ್ ಆದ್ದರಿಂದ ಇದು 112 ಡೆಸಿಬೆಲ್ ಕೆಳಗೆ. ಕೇಳಿಸುವುದಿಲ್ಲ. ಅದೇ ಕರೆಂಟ್ 1 ಮಿಲಿಆಂಪಿಯರ್ ಆಗಲಿ. ಈಗ 92 ಡೆಸಿಬೆಲ್ ಕೆಳಗೆ. 16 ಬಿಟ್ ಸಿಡಿಯ ನಾಯ್ಸ್ ಮಟ್ಟವನ್ನು ಬಂದು ಮುಟ್ಟಿತು. ಸೂಕ್ಷ್ಮವಾದ ಸ್ಪೀಕರಿಗೆ ಕಿವಿ ಹತ್ತಿರ ಇಟ್ಟರೆ ಗುಂಯ್‌ ಅನ್ನುವುದು ಕೇಳಬಹುದು. ಕವಚದ ತುದಿ ಸಡಿಲವಾಗಿ ರೋಧ ಹತ್ತು ಪಟ್ಟಾದರೆ ಕೂತ ಜಾಗಕ್ಕೇ ಕೇಳಿಸುತ್ತದೆ.

ಈ ಲೆಕ್ಕದಲ್ಲಿ ಪವರ್ ಕೇಬಲ್ಲಿನ ತಾಮ್ರ ಎಲ್ಲೂ ಬರಲೇ ಇಲ್ಲ, ಗಮನಿಸಿ. ಹಮ್ ಇದ್ದರೆ ಮಾಡಬೇಕಾದ ಕೆಲಸಗಳು ಬೇರೆಯೇ ಇವೆ:

- ಡ್ಯಾಕ್, ಸ್ಟ್ರೀಮರ್, ಆಂಪ್ಲಿಫೈಯರ್ ಎಲ್ಲವನ್ನೂ ಒಂದೇ ಗೋಡೆ ಸಾಕೆಟ್ಟಿನಿಂದ, ಒಂದೇ ಗಟ್ಟಿಮುಟ್ಟಾದ ಎಕ್ಸ್‌ಟೆನ್ಶನ್ ಬೋರ್ಡಿನಿಂದ ಓಡಿಸಿ. ಆಗ ಎಲ್ಲದರ ಅರ್ಥಿಂಗೂ ಒಂದೇ ಕಡೆ ಸೇರುತ್ತದೆ. ಒಂದು ಬೋರ್ಡಿಗೆ ಇನ್ನೊಂದು ಬೋರ್ಡ್ ಸಿಕ್ಕಿಸಬೇಡಿ.
- ಕವಚ ಚೆನ್ನಾಗಿ ಹೆಣೆದ, ಗಿಡ್ಡನೆಯ ಆರ್‌ಸಿಎ ಕೇಬಲ್ ಬಳಸಿ. ಎರಡೂ ಉಪಕರಣದಲ್ಲಿ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ದುಂಡು ತುದಿ) ಬ್ಯಾಲೆನ್ಸ್ಡ್ ಜೋಡಣೆ ಇದ್ದರೆ ಅದೇ ಒಳ್ಳೆಯದು. ಅಲ್ಲಿ ಕವಚಕ್ಕೂ ಸಿಗ್ನಲ್ಲಿಗೂ ದಾರಿ ಬೇರೆ ಬೇರೆ.
- ಲ್ಯಾಪ್‌ಟಾಪಿನಿಂದ ಯುಎಸ್‌ಬಿ ಮೂಲಕ ಡ್ಯಾಕಿಗೆ ಹಾಡು ಹೋಗುತ್ತಿದ್ದರೆ ಚಾರ್ಜರ್ ಕಿತ್ತು ನೋಡಿ. ಹಮ್ ತಟ್ಟನೆ ನಿಂತರೆ ತೊಂದರೆ ಇರುವುದು ಚಾರ್ಜರಿನಲ್ಲಿ. ಡ್ಯಾಕಿನ ಪವರ್ ಕೇಬಲ್ ಬದಲಿಸಿ ಏನೂ ಆಗದು.
- ಆಪ್ಟಿಕಲ್ ಕೇಬಲ್ಲಿನಲ್ಲಿ ಬೆಳಕು ಮಾತ್ರ ಹೋಗುತ್ತದೆ, ಕರೆಂಟ್ ಹೋಗುವುದಿಲ್ಲ. ಹಾಗಾಗಿ ಸೋರಿಕೆಯ ಕರೆಂಟ್ ಸುತ್ತುವ ದಾರಿ, ಅಂದರೆ ಲೂಪ್, ಅಲ್ಲಿಗೇ ತುಂಡಾಗುತ್ತದೆ. ಪರೀಕ್ಷೆಗಾದರೂ ಒಮ್ಮೆ ಹಾಕಿ ನೋಡಿ.
- ಸ್ಟ್ರೀಮರಿಗೆ ಲೋಹದ ಕವಚವಿರುವ ನೆಟ್‌ವರ್ಕ್ ಕೇಬಲ್ ಬೇಡ. ಈಥರ್ನೆಟ್ ಪೋರ್ಟಿನೊಳಗೆ ಸಣ್ಣ ಟ್ರಾನ್ಸ್‌ಫಾರ್ಮರ್ ಇದ್ದು ಎರಡು ಬದಿಯನ್ನೂ ಬೇರೆ ಮಾಡಿರುತ್ತದೆ. ಕವಚದ ಕೇಬಲ್ ಹಾಕಿದರೆ ರೌಟರಿನ ಸೋರಿಕೆಗೆ ಮತ್ತೆ ದಾರಿ ಮಾಡಿಕೊಟ್ಟ ಹಾಗೆ. ಮಾಮೂಲಿ ಪ್ಲಾಸ್ಟಿಕ್ ತುದಿಯ ಕ್ಯಾಟ್ 5ಇ ಅಥವಾ ಕ್ಯಾಟ್ 6 ಸಾಕು.

ಹಮ್ ಹೋಗಲಿ ಅಂತ ಅರ್ಥಿಂಗ್ ಪಿನ್ ಕತ್ತರಿಸುವುದು, ಟೇಪ್ ಸುತ್ತುವುದು, ಮೂರು ಪಿನ್ನಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕುವುದು, ಇವನ್ನು ಯಾವತ್ತೂ ಮಾಡಬೇಡಿ. ಯಾರು ಹೇಳಿದರೂ ಕೇಳಬೇಡಿ. ಒಳಗೆ ಒಂದು ತಂತಿ ಕಳಚಿ ಕವಚಕ್ಕೆ ತಾಗಿದರೆ ಫ್ಯೂಸ್ ಹೋಗುವಂತೆ ಮಾಡುವುದು ಆ ಪಿನ್. ಅದಿಲ್ಲದಿದ್ದರೆ ಇಡೀ ವೋಲ್ಟೇಜ್ ಲೋಹದ ಮೈಯಲ್ಲಿ ಕೂತಿರುತ್ತದೆ, ಆರ್‌ಸಿಎ ಕೇಬಲ್ ಮೂಲಕ ಉಳಿದ ಉಪಕರಣಗಳಿಗೂ ಹರಡುತ್ತದೆ. ಮನೆಯಲ್ಲಿ ಮಕ್ಕಳೂ ಅದನ್ನು ಮುಟ್ಟುತ್ತಾರೆ.

ಎರಡು ಪಿನ್ನಿನ ಉಪಕರಣಗಳಿಗೆ ಒಂದು ಪುಕ್ಕಟೆ ಉಪಾಯ ಇದೆ. ನಿಮ್ಮ ಪ್ಲಗ್ ತಿರುಗಿಸಿ ಹಾಕಲು ಬರುವಂಥದ್ದಾದರೆ, ಅಥವಾ ಸಿ7 ತುದಿಯ ಎರಡೂ ಬದಿ ದುಂಡಗಿದ್ದರೆ, ಸಿಗ್ನಲ್ ಕೇಬಲ್ ಎಲ್ಲ ತೆಗೆದು ಮೈಯ ವೋಲ್ಟೇಜ್ ಅಳೆಯಿರಿ. ಆಮೇಲೆ ತಿರುಗಿಸಿ ಹಾಕಿ ಮತ್ತೆ ಅಳೆಯಿರಿ. ಕೆಲವು ಉಪಕರಣಗಳಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇರುತ್ತದೆ. ಕಡಿಮೆ ಬಂದ ದಿಕ್ಕನ್ನು ಇಟ್ಟುಕೊಳ್ಳಿ, ಪ್ಲಗ್ ಮೇಲೆ ಗುರುತು ಹಾಕಿ. ಅಳೆಯುವಾಗ ಮೀಟರಿನ ಕಡ್ಡಿಯನ್ನು ಗೋಡೆಯ ಸಾಕೆಟ್ಟಿಗೆ ತುರುಕಬೇಡಿ. ಅರ್ಥಿಂಗ್ ಇರುವ ಆಂಪ್ಲಿಫೈಯರಿನ ಬಣ್ಣವಿಲ್ಲದ ಸ್ಕ್ರೂ ಮುಟ್ಟಿಸಿದರೆ ಸಾಕು.

ಹಂತ 4: ಶೀಲ್ಡ್ ಮತ್ತು ಫೆರೈಟ್ ಯಾವಾಗ ಬೇಕು

ಪವರ್ ಕೇಬಲ್ ಬಿಟ್‌ಗಳನ್ನು ಬದಲಿಸುವುದಿಲ್ಲ. ಸಿಡಿಯಲ್ಲಿ ಸೆಕೆಂಡಿಗೆ 44,100 ಮಾದರಿ (ಸ್ಯಾಂಪಲ್) ಇದ್ದರೆ ಡ್ಯಾಕಿಗೂ ಅಷ್ಟೇ ಹೋಗುತ್ತವೆ, ಅದೇ ಬೆಲೆಗಳಲ್ಲೇ ಹೋಗುತ್ತವೆ. ನಾಯ್ಸ್ ತೊಂದರೆ ಕೊಡುವುದಿದ್ದರೆ ಎರಡೇ ಜಾಗದಲ್ಲಿ: ಡ್ಯಾಕಿನ ಕ್ಲಾಕ್ (ಮಾದರಿಗಳಿಗೆ ಸಮಯ ಹಿಡಿಯುವ ಭಾಗ) ಮತ್ತು ಅದರ ಅನಲಾಗ್ ಔಟ್‌ಪುಟ್ ಭಾಗ. ಒಳಗೆ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರುಗಳು 100 ಹರ್ಟ್ಜ್ ಆಸುಪಾಸಿನ ಏರಿಳಿತವನ್ನು ಚೆನ್ನಾಗಿ ಅಳಿಸುತ್ತವೆ. ಆವರ್ತನ ಮೇಲೇರಿದ ಹಾಗೆ ಅವುಗಳ ಕೈ ಸೋಲುತ್ತದೆ. ಹಾಗಾಗಿ ಎಸ್‌ಎಂಪಿಎಸ್, ಎಲ್‌ಇಡಿ ದೀಪದ ಡ್ರೈವರ್, ಡಿಮ್ಮರ್, ವೈಫೈ ಉಪಕರಣಗಳಿಂದ ಬರುವ ಮೇಲಿನ ಆವರ್ತನದ ನಾಯ್ಸ್ ಬಗ್ಗೆ ಯೋಚಿಸುವುದು ಸರಿಯೇ. ಒಳ್ಳೆಯ ಡ್ಯಾಕ್ ಮಾಡುವವರು ಇದಕ್ಕೆ ಒಳಗೇ ಫಿಲ್ಟರ್ ಇಟ್ಟಿರುತ್ತಾರೆ. ಆದರೂ ಹೊರಗಿನಿಂದ ಒಂದಿಷ್ಟು ನೆರವು ಕೊಡಬಹುದು.

ಶೀಲ್ಡ್ ಇರುವ ಪವರ್ ಕೇಬಲ್ ಅಂದರೆ ತಂತಿಗಳ ಸುತ್ತ ಲೋಹದ ಹಾಳೆ ಅಥವಾ ಹೆಣಿಗೆ. ಕೇಬಲ್ಲಿನಿಂದ ಹೊರಬರುವ ವಿದ್ಯುತ್ ಕ್ಷೇತ್ರ ಪಕ್ಕದ ಆರ್‌ಸಿಎ ಕೇಬಲ್ಲಿಗೆ ತಾಗದಂತೆ ಅದು ತಡೆಯುತ್ತದೆ. 50 ಹರ್ಟ್ಜ್‌ನ ಕಾಂತಕ್ಷೇತ್ರವನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ಒಳಗಿನ ತಂತಿಗಳನ್ನು ಹುರಿ ಹೊಸೆದ ಹಾಗೆ ಸುತ್ತಿರಬೇಕು, ಮತ್ತು ಕೇಬಲ್ ದೂರ ಇರಬೇಕು. ರ‍್ಯಾಕ್ ಹಿಂದೆ ಜಾಗ ಇಕ್ಕಟ್ಟಾಗಿ ಪವರ್ ಮತ್ತು ಸಿಗ್ನಲ್ ಕೇಬಲ್ ಅಂಟಿಕೊಂಡೇ ಹೋಗಬೇಕಾದ ಕಡೆ ಶೀಲ್ಡ್ ಕೇಬಲ್ಲಿಗೆ ನನ್ನ ಓಟು.

ಕೊಳ್ಳುವಾಗ ಶೀಲ್ಡ್ ಎಲ್ಲಿಗೆ ಜೋಡಿಸಿದ್ದಾರೆ ಅಂತ ಕೇಳಿ. ಗೋಡೆಯ ಪ್ಲಗ್ಗಿನ ಕಡೆ ಅರ್ಥಿಂಗ್ ಪಿನ್ನಿಗೆ ಜೋಡಿಸಿರಬೇಕು. ಎರಡು ಪಿನ್ನಿನ ಪ್ಲಗ್ ಇರುವ ಸಿ7 ಕೇಬಲ್ಲಿನಲ್ಲಿ ಶೀಲ್ಡ್ ಜೋಡಿಸಲು ಜಾಗವೇ ಇಲ್ಲ. ಅಂಥದ್ದನ್ನು ಶೀಲ್ಡ್ ಕೇಬಲ್ ಅಂತ ಮಾರುತ್ತಿದ್ದರೆ ಆ ದುಡ್ಡು ಉಳಿಸಿ.

ಫೆರೈಟ್ ಕ್ಲಿಪ್ (ಕೇಬಲ್ ಸುತ್ತ ಹಾಕುವ ಕಾಂತೀಯ ಉಂಗುರ) ನನಗೆ ಇನ್ನೂ ಇಷ್ಟ. ಸಣ್ಣದು, ಬೇಡ ಅಂದರೆ ಬಿಚ್ಚಿ ತೆಗೆಯಬಹುದು. ಕೆಲವು ಮೆಗಾಹರ್ಟ್ಜ್‌ನಿಂದ ನೂರಾರು ಮೆಗಾಹರ್ಟ್ಜ್‌ವರೆಗಿನ ನಾಯ್ಸನ್ನು ಅದು ಶಾಖವಾಗಿ ಕರಗಿಸುತ್ತದೆ. ಇಡೀ ಕೇಬಲ್ ಅದರೊಳಗೆ ಹೋಗುವುದರಿಂದ ಹೋಗುವ ಕರೆಂಟಿನ ಕಾಂತಕ್ಷೇತ್ರ, ಬರುವ ಕರೆಂಟಿನ ಕಾಂತಕ್ಷೇತ್ರ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಉಪಕರಣಕ್ಕೆ ಬೇಕಾದ ಕರೆಂಟಿಗೆ ಅಡ್ಡಿ ಇಲ್ಲ. ಉಂಗುರದೊಳಗೆ ಕೇಬಲ್ ಒಮ್ಮೆ ಹಾಯಿಸುವ ಬದಲು ಎರಡು ಸಲ ಹಾಯಿಸಿದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಸ್ವಲ್ಪ ದೊಡ್ಡ ರಂಧ್ರದ್ದನ್ನೇ ತನ್ನಿ. ನಾಯ್ಸ್ ಹುಟ್ಟಿಸುವ ಉಪಕರಣದ ಹತ್ತಿರ ಹಾಕಿ. ಡ್ಯಾಕಿಗಿಂತ ಮೊದಲು ರೌಟರ್ ಅಡಾಪ್ಟರಿನ ಕೇಬಲ್ಲಿಗೆ ಹಾಕುವುದು ಜಾಣತನ. ಹಮ್‌ಗೆ ಮಾತ್ರ ಇದು ಮದ್ದಲ್ಲ. 50 ಹರ್ಟ್ಜ್ ಇದಕ್ಕೆ ಕಾಣುವುದೇ ಇಲ್ಲ.

ಹಂತ 5: ಅಡಾಪ್ಟರಿನಿಂದ ಓಡುವ ಉಪಕರಣಗಳು

ಸಣ್ಣ ಡ್ಯಾಕ್, ಸ್ಟ್ರೀಮರ್, ನೆಟ್‌ವರ್ಕ್ ಸ್ವಿಚ್‌ಗಳಲ್ಲಿ ಹೆಚ್ಚಿನವು 5 ಅಥವಾ 12 ವೋಲ್ಟ್ ಅಡಾಪ್ಟರಿನಿಂದ ಓಡುತ್ತವೆ. ಇಲ್ಲಿ ಗೋಡೆಯ ಕಡೆಯ ಕೇಬಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅಡಾಪ್ಟರಿನಿಂದ ಉಪಕರಣಕ್ಕೆ ಹೋಗುವ ಡಿಸಿ ಕೇಬಲ್ ನೋಡಿ. ಕೇಬಲ್ಲಿನ ದಪ್ಪ ನಿಜಕ್ಕೂ ಲೆಕ್ಕಕ್ಕೆ ಬರುವ ಜಾಗ ಇದೊಂದೇ.

ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮೇಲೆ ಕಟ್ಟಿದ ಸ್ಟ್ರೀಮರ್ ತೆಗೆದುಕೊಳ್ಳಿ. ಅಡಾಪ್ಟರ್ 5 ವೋಲ್ಟ್, ಕರೆಂಟ್ 2 ಆಂಪಿಯರ್. ಕೇಬಲ್ ಒಂದೂವರೆ ಮೀಟರ್, ತಂತಿ ಬರೀ 0.2 ಚದರ ಮಿ.ಮೀ. ಹೋಗಿ ಬರುವ ರೋಧ ಕಾಲು ಓಮಿಗೂ ಸ್ವಲ್ಪ ಜಾಸ್ತಿ. ಕಳೆದುಹೋಗುವುದು ಅರ್ಧ ವೋಲ್ಟ್. ಉಪಕರಣಕ್ಕೆ ಸಿಗುವುದು ನಾಲ್ಕೂವರೆ ವೋಲ್ಟ್ ಮಾತ್ರ. 4.63 ವೋಲ್ಟಿನ ಕೆಳಗಿಳಿದರೆ ಪೈ ಕಡಿಮೆ ವೋಲ್ಟೇಜಿನ ಎಚ್ಚರಿಕೆ ಕೊಡುತ್ತದೆ. ಹಾಡು ನಡುನಡುವೆ ಕಡಿಯುವುದು, ಯುಎಸ್‌ಬಿ ಡ್ಯಾಕ್ ಇದ್ದಕ್ಕಿದ್ದ ಹಾಗೆ ಮಾಯವಾಗುವುದು, ಇವೆಲ್ಲ ಆಗ ಶುರು. ಜನ ಸಾಫ್ಟ್‌ವೇರನ್ನು ಬೈಯುತ್ತಾ ಕೂರುತ್ತಾರೆ. ತಪ್ಪು ಆ ತೆಳು ತಂತಿಯದು. 230 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ. 5 ವೋಲ್ಟಿನಲ್ಲಿ ಹೋದರೆ ಹತ್ತರಲ್ಲಿ ಒಂದು ಪಾಲು ಹೋಯಿತು.

ಹಾಗಾಗಿ 5 ವೋಲ್ಟ್ ಉಪಕರಣಕ್ಕೆ ಡಿಸಿ ಕೇಬಲ್ ಗಿಡ್ಡ ಇರಲಿ, ದಪ್ಪ ಇರಲಿ. ಅರ್ಧ ಮೀಟರ್, 0.5 ಚದರ ಮಿ.ಮೀ. ಅಥವಾ ಮೇಲೆ. ಜಾಗ ದೂರವಿದ್ದರೆ ಗೋಡೆಯ ಕಡೆಯ ಕೇಬಲ್ ಉದ್ದ ಮಾಡಿ, ಅಡಾಪ್ಟರನ್ನು ಉಪಕರಣದ ಹತ್ತಿರಕ್ಕೆ ತನ್ನಿ.

ಅಡಾಪ್ಟರ್ ಬದಲಿಸುವವರು ನಾಲ್ಕು ಸಂಗತಿ ಹೊಂದಿಸಿ ನೋಡಬೇಕು. ವೋಲ್ಟೇಜ್ ಒಂದೇ ಇರಬೇಕು. ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇರಬೇಕು. ಧನ ತುದಿ ಪಿನ್ನಿನ ನಡುವೆಯೋ ಹೊರಗೋ ಅನ್ನುವ ಚಿತ್ರ ಹೊಂದಬೇಕು. ಪಿನ್ ಅಳತೆಯೂ ಹೊಂದಬೇಕು. ಹೊರಗಿನಿಂದ 5.5 ಮಿ.ಮೀ. ಇರುವ ಪಿನ್‌ಗಳಲ್ಲಿ ಒಳರಂಧ್ರ 2.1 ಮತ್ತು 2.5 ಎರಡೂ ಇವೆ, ಕಣ್ಣಿಗೆ ಒಂದೇ ಥರ ಕಾಣುತ್ತವೆ. 2.1ರ ಜಾಗಕ್ಕೆ 2.5 ಹಾಕಿದರೆ ಹೋಗುತ್ತದೆ, ಆದರೆ ಅಲುಗಾಡಿದಾಗಲೆಲ್ಲ ಕರೆಂಟ್ ಹೋಗಿ ಬರುತ್ತದೆ.

ಹಳೆಯ ಕಳಪೆ ಅಡಾಪ್ಟರ್ ತೆಗೆದು, ಅಷ್ಟೇ ವೋಲ್ಟಿನ ಒಳ್ಳೆಯ ಲೀನಿಯರ್ ಸಪ್ಲೈ (ಸ್ವಿಚಿಂಗ್ ಇಲ್ಲದೆ ಟ್ರಾನ್ಸ್‌ಫಾರ್ಮರಿನಿಂದ ಓಡುವ ಬಗೆ) ಅಥವಾ ನಾಯ್ಸ್ ಕಡಿಮೆ ಇರುವ ಎಸ್‌ಎಂಪಿಎಸ್ ಹಾಕುವುದರಿಂದ ಸೋರಿಕೆ ನಿಜವಾಗಿಯೂ ತಗ್ಗಬಹುದು. ಖರ್ಚು ಮಾಡುವ ಆಸೆ ಇದ್ದರೆ ಕೇಬಲ್ಲಿಗಿಂತ ಮೊದಲು ಇಲ್ಲಿ ಮಾಡಿ.

ಹಂತ 6: ಕೈಯಲ್ಲಿ ಹಿಡಿದು ಪರೀಕ್ಷಿಸಿ

ಕೇಬಲ್ಲಿನ ಹೊರಸಿಪ್ಪೆಯ ಮೇಲೆ ಅಚ್ಚಾಗಿರುವುದನ್ನು ಓದಿ. ಎಚ್05ವಿವಿ-ಎಫ್ 3ಜಿ1.0 ಅಂತ ಇದ್ದರೆ ಅದು 300/500 ವೋಲ್ಟ್ ದರ್ಜೆಯ, ಪಿವಿಸಿ ಸಿಪ್ಪೆಯ, ಬಾಗುವ ಕೇಬಲ್. ಒಳಗೆ ಮೂರು ತಂತಿ, ಅದರಲ್ಲಿ ಒಂದು ಹಸಿರು-ಹಳದಿ ಅರ್ಥಿಂಗ್, ಪ್ರತಿಯೊಂದೂ 1.0 ಚದರ ಮಿ.ಮೀ. ಅಂತ ಅರ್ಥ. ವಿಡಿಇ (ಜರ್ಮನಿ), ಯುಎಲ್ (ಅಮೆರಿಕ) ಥರದ ಸುರಕ್ಷತಾ ಗುರುತು ಪ್ಲಗ್, ಕೇಬಲ್, ತುದಿ ಮೂರರ ಮೇಲೂ ಇರಬೇಕು. ಏನೂ ಅಚ್ಚಾಗಿಲ್ಲದ, ಬರೀ ಬಣ್ಣದ ನೇಯ್ಗೆ ಸುತ್ತಿದ ಕೇಬಲ್ ಎಷ್ಟೇ ಚಂದ ಕಂಡರೂ ನಾನು ಮನೆಯೊಳಗೆ ಬಿಡುವುದಿಲ್ಲ.

ತಾಮ್ರ ಹಚ್ಚಿದ ಅಲ್ಯೂಮಿನಿಯಂ ತಂತಿಯ ಕೇಬಲ್ಲುಗಳೂ ಮಾರುಕಟ್ಟೆಯಲ್ಲಿವೆ. ಅವು ಹಗುರ. ಅದೇ ದಪ್ಪದ ತಾಮ್ರದ ಕೇಬಲ್ ಪಕ್ಕದಲ್ಲಿ ಹಿಡಿದರೆ ಕೈಗೇ ಗೊತ್ತಾಗುತ್ತದೆ. ತಂತಿ ಕಾಣುವಂತಿದ್ದರೆ ಬ್ಲೇಡಿನಿಂದ ಕೆರೆಯಿರಿ. ಒಳಗೆ ಬಿಳುಪು ಕಂಡರೆ ವಾಪಸ್ ಕೊಡಿ.

ಆಮೇಲೆ ತುದಿ ಹಾಕಿ ನೋಡಿ. ಸಿ13 ಸಾಕೆಟ್ಟಿನೊಳಗೆ ಗಟ್ಟಿಯಾಗಿ ಕೂರಬೇಕು, ಸ್ವಲ್ಪ ಎಳೆದರೆ ಬಿಟ್ಟುಕೊಳ್ಳಬಾರದು. ಚಿನ್ನ, ರೋಡಿಯಂ, ನಿಕ್ಕಲ್ ಲೇಪ ಯಾವುದಾದರೂ ಇರಲಿ, ಬಿಗಿಹಿಡಿತ ಅದಕ್ಕಿಂತ ಮುಖ್ಯ.

ಎರಡೂ ತುದಿ ಬಿಚ್ಚಿಟ್ಟು ಮಲ್ಟಿಮೀಟರಿನಲ್ಲಿ ಅರ್ಥಿಂಗ್ ಪಿನ್ನಿನಿಂದ ಅರ್ಥಿಂಗ್ ಪಿನ್ನಿಗೆ ಅಳೆಯಿರಿ. ಮೀಟರಿನ ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದಾಗ ಬರುವ ಬೆಲೆಯನ್ನು ಮೊದಲು ಕಳೆಯಿರಿ. ಉಳಿದದ್ದು 0.1 ಓಮಿಗಿಂತ ಕಡಿಮೆ ಇರಬೇಕು. ಫೇಸ್, ನ್ಯೂಟ್ರಲ್, ಅರ್ಥಿಂಗ್ ಒಂದಕ್ಕೊಂದು ತಾಗಿರಬಾರದು.

ಕೇಬಲ್ ತಾವೇ ಕಟ್ಟುವವರಿಗೆ ಎರಡು ಮಾತು. ಪ್ಲಗ್ಗಿನೊಳಗೆ ಅರ್ಥಿಂಗ್ ತಂತಿಯನ್ನು ಉಳಿದೆರಡಕ್ಕಿಂತ ಉದ್ದ ಬಿಡಿ. ಕೇಬಲ್ ಎಳೆದುಬಂದರೆ ಅದು ಕೊನೆಗೆ ಕಳಚಬೇಕು. ಸ್ಕ್ರೂ ಅಡಿ ಹೋಗುವ ಎಳೆಗಳಿಗೆ ಬೆಸುಗೆ ಹಚ್ಚಬೇಡಿ. ಬೆಸುಗೆ ಒತ್ತಡಕ್ಕೆ ನಿಧಾನವಾಗಿ ಹರಡಿ ಜೋಡಣೆ ಸಡಿಲವಾಗುತ್ತದೆ, ಸಡಿಲವಾದದ್ದು ಬಿಸಿಯಾಗುತ್ತದೆ. ಬದಲಿಗೆ ಫೆರೂಲ್ (ಎಳೆಗಳ ತುದಿಗೆ ಹಾಕುವ ಸಣ್ಣ ಲೋಹದ ಕೊಳವೆ) ಒತ್ತಿ ಹಾಕಿ. ಕೈ ಪಳಗಿಲ್ಲದಿದ್ದರೆ ಅಚ್ಚು ಹಾಕಿದ ಸಿದ್ಧ ಕೇಬಲ್ಲೇ ವಾಸಿ.

ಹಂತ 7: ಕೇಬಲ್ ಎಳೆಯುವ ರೀತಿ

ಬೇಕಾದಷ್ಟೇ ಉದ್ದ ತನ್ನಿ. ಒಂದರಿಂದ ಒಂದೂವರೆ ಮೀಟರ್ ಹೆಚ್ಚಿನ ಕಡೆ ಸಾಲುತ್ತದೆ. ಪವರ್ ಕೇಬಲ್ಲುಗಳು ರ‍್ಯಾಕಿನ ಒಂದು ಬದಿಯಲ್ಲಿ, ಸಿಗ್ನಲ್ ಕೇಬಲ್ಲುಗಳು ಇನ್ನೊಂದು ಬದಿಯಲ್ಲಿ ಇಳಿಯಲಿ. ಒಂದು ಗೇಣು ಅಂತರ ಸಿಕ್ಕರೂ ದೊಡ್ಡ ಲಾಭ. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ, ಉದ್ದಕ್ಕೂ ಜೋಡಿಯಾಗಿ ಹೋಗಗೊಡಬೇಡಿ. ಟರ್ನ್‌ಟೇಬಲ್ ಅದೇ ರ‍್ಯಾಕಿನಲ್ಲಿದ್ದರೆ ಡ್ಯಾಕಿನ ಅಡಾಪ್ಟರ್ ಅದರ ಹತ್ತಿರ ಸುಳಿಯದಿರಲಿ. ಟರ್ನ್‌ಟೇಬಲ್ಲಿನ ಫೋನೋ ಸಿಗ್ನಲ್ ಕೆಲವೇ ಮಿಲಿವೋಲ್ಟಿನದು.

ಹಂತ 8: ಬದಲಾವಣೆ ಆಯಿತಾ? ಅಳೆದು, ಕೇಳಿ ತೀರ್ಮಾನಿಸಿ

ಪವರ್ ಕೇಬಲ್ ಬದಲಿಸಲು ಉಪಕರಣ ಆಫ್ ಮಾಡಬೇಕು, ಮತ್ತೆ ಆನ್ ಮಾಡಬೇಕು. ಅಷ್ಟರಲ್ಲಿ ಮೊದಲು ಕೇಳಿದ ಧ್ವನಿಯ ಸೂಕ್ಷ್ಮಗಳು ನೆನಪಿನಿಂದ ಜಾರಿರುತ್ತವೆ. ಹೊಸದು ಹಾಕಿದ ಸಂತೋಷವೂ ಕಿವಿಯೊಳಗೆ ಸೇರಿಕೊಳ್ಳುತ್ತದೆ. ಇದು ಎಲ್ಲರಿಗೂ ಆಗುವಂಥದ್ದು, ಕಿವಿಯ ಕೊರತೆ ಅಲ್ಲ. ಅದಕ್ಕೇ ಮನೆಯವರ ನೆರವು ಪಡೆಯಿರಿ. ನಾಣ್ಯ ಚಿಮ್ಮಿ ಯಾವ ಕೇಬಲ್ ಹಾಕಬೇಕು ಅಂತ ಅವರೇ ನಿರ್ಧರಿಸಿ ಬರೆದಿಟ್ಟುಕೊಳ್ಳಲಿ, ನಿಮಗೆ ಹೇಳದಿರಲಿ. ವಾಲ್ಯೂಮ್ ಮುಟ್ಟಬಾರದು. ಹತ್ತು ಹದಿನೈದು ಸುತ್ತು ಆದ ಮೇಲೆ ನಿಮ್ಮ ಊಹೆ ಅವರ ಪಟ್ಟಿಯ ಜೊತೆ ಎಷ್ಟು ಹೊಂದುತ್ತದೆ ನೋಡಿ. ಅರ್ಧದ ಆಸುಪಾಸಿನಲ್ಲಿದ್ದರೆ ಎರಡು ಕೇಬಲ್ಲೂ ನಿಮಗೆ ಒಂದೇ.

ಆಡಿಯೋ ಇಂಟರ್‌ಫೇಸ್ (ಧ್ವನಿಯ ಸಿಗ್ನಲ್ಲನ್ನು ಕಂಪ್ಯೂಟರಿಗೆ ಕೊಡುವ ಉಪಕರಣ) ಇರುವವರಿಗೆ ಇನ್ನೂ ನೇರವಾದ ದಾರಿ ಇದೆ. ಡ್ಯಾಕಿನ ಔಟ್‌ಪುಟ್ಟನ್ನು ಅದಕ್ಕೆ ಜೋಡಿಸಿ, ರೂಮ್ ಇಕ್ಯೂ ವಿಝರ್ಡ್ ಅನ್ನುವ ಪುಕ್ಕಟೆ ಸಾಫ್ಟ್‌ವೇರಿನ ಆರ್‌ಟಿಎ (ಯಾವ ಆವರ್ತನದಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವ ಚಿತ್ರ) ತೆರೆಯಿರಿ. 60 ಡೆಸಿಬೆಲ್ ತಗ್ಗಿಸಿದ 1 ಕಿಲೋಹರ್ಟ್ಜ್ ಸ್ವರ ನುಡಿಸಿ. ಪೂರ್ತಿ ಮೌನ ಕೊಟ್ಟರೆ ಕೆಲವು ಡ್ಯಾಕುಗಳು ತಾವಾಗಿ ಮ್ಯೂಟ್ ಆಗುತ್ತವೆ, ಅದಕ್ಕೆ ಈ ಸ್ವರ. ಈಗ 50, 100, 150 ಹರ್ಟ್ಜ್ ಹತ್ತಿರದ ಮೊನೆಗಳನ್ನು ನೋಡಿ. 60 ಹರ್ಟ್ಜ್ ವಿದ್ಯುತ್ ಇರುವ ದೇಶದಲ್ಲಿ 60, 120, 180. ಚಿತ್ರ ಉಳಿಸಿ, ಕೇಬಲ್ ಬದಲಿಸಿ, ಮತ್ತೆ ಅಳೆಯಿರಿ. ಅಳೆಯುವ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಓಡಲಿ, ಇಲ್ಲದಿದ್ದರೆ ಅದರದೇ ಲೂಪ್ ಚಿತ್ರದಲ್ಲಿ ಬರುತ್ತದೆ. ಒಂದು ಒಳ್ಳೆಯ ಕೇಬಲ್ಲಿನಿಂದ ಇನ್ನೊಂದಕ್ಕೆ ಬದಲಿಸಿದಾಗ ಈ ಮೊನೆಗಳು ಅಲುಗಾಡುವುದು ಕಷ್ಟ. ಚಾರ್ಜರ್ ಕಿತ್ತಾಗ, ಎಲ್ಲವನ್ನೂ ಒಂದೇ ಬೋರ್ಡಿಗೆ ತಂದಾಗ, ಆರ್‌ಸಿಎ ಬಿಟ್ಟು ಎಕ್ಸ್‌ಎಲ್‌ಆರ್ ಹಾಕಿದಾಗ ಇಳಿಯುವುದನ್ನು ಮಾತ್ರ ಕಣ್ಣಾರೆ ನೋಡಬಹುದು.

ಎಲ್ಲ ಜೋಡಿಸಿ ಒಂದು ಗಂಟೆ ಓಡಿದ ಮೇಲೆ ಪ್ರತಿ ಪ್ಲಗ್ ಮುಟ್ಟಿ ನೋಡಿ. ಇಷ್ಟು ಸಣ್ಣ ಕರೆಂಟಿಗೆ ಯಾವುದೂ ಬಿಸಿಯಾಗಬಾರದು. ಯಾವುದಾದರೂ ಬೆಚ್ಚಗಿದ್ದರೆ ಅಲ್ಲಿ ಹಿಡಿತ ಸಡಿಲವಿದೆ. ಸ್ವಿಚ್ ಆಫ್ ಮಾಡಿ, ಆ ಕೇಬಲ್ಲನ್ನು ಬೇರೆ ಸಾಕೆಟ್ಟಿಗೆ ಹಾಕಿ ನೋಡಿ. ಅಲ್ಲೂ ಬಿಸಿಯಾದರೆ ಕೇಬಲ್ ಬದಲಿಸಿ, ಆಗದಿದ್ದರೆ ಹಳೆಯ ಸಾಕೆಟ್ ಬದಲಿಸಲು ಎಲೆಕ್ಟ್ರಿಷಿಯನ್‌ಗೆ ಹೇಳಿ.